ನಿಮ್ಮ ಮುಟ್ಟಿನ ಲೆಕ್ಕ ನೀವೇ ಇಟ್ಕೊಳ್ಳೋದು ಹೇಗೆ: ಕನ್ನಡಿ, ಕ್ಯಾಲೆಂಡರ್, ಥರ್ಮಾಮೀಟರ್ ಹಿಡ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಒಂದು ಕ್ಲಿನಿಕ್‌ನಲ್ಲಿ ನಂಗೆ "ಮುಟ್ಟಾದ 21ನೇ ದಿನ ಬಂದು ಟೆಸ್ಟಿಗೆ ರಕ್ತ ಕೊಡಿ" ಅಂದ್ರು, ಕೊಟ್ಟೆ, ರಿಪೋರ್ಟ್ ನೋಡಿ "ನಿಮಗೆ ಮೊಟ್ಟೆ ಬಿಡುಗಡೆನೇ ಆಗ್ತಿಲ್ಲ" ಅಂತ ಎರಡೇ ನಿಮಿಷದಲ್ಲಿ ಹೇಳಿ ಮಾತ್ರೆ ಬರ್ದು ಕಳ್ಸಿದ್ರು. ಗ್ರೀನ್ ಲೈನ್ ಮೆಟ್ರೋದಲ್ಲಿ ಕೂತು ಬನಶಂಕರಿವರೆಗೂ ಅತ್ಕೊಂಡು ಬಂದೆ. ಆಮೇಲೆ ಇನ್ನೊಬ್ಬ ಡಾಕ್ಟರ್ ಹತ್ರ ಹೋದಾಗ ಅವ್ರು ಕೇಳಿದ ಮೊದಲ ಪ್ರಶ್ನೆ, "ನಿಮ್ದು ಎಷ್ಟು ದಿನಕ್ಕೊಂದ್ಸಲ?" ನಾನು "ತಿಂಗಳಿಗೊಂದ್ಸಲ" ಅಂದೆ. "ಅದು ಗೊತ್ತಮ್ಮ, ಎಷ್ಟು ದಿನ?" ಗೊತ್ತಿರ್ಲಿಲ್ಲ. ಹಾಲಿನವನ ಲೆಕ್ಕ ಗೊತ್ತು, ಗ್ಯಾಸ್ ಸಿಲಿಂಡರ್ ಯಾವತ್ತು ಹಾಕಿದ್ದು ಗೊತ್ತು, ಇದು ಮಾತ್ರ ಗೊತ್ತಿಲ್ಲ. ಆ 21ನೇ ದಿನದ ಕಥೆಗೆ ಕೊನೇಲಿ ಬರ್ತೀನಿ, ಯಾಕಂದ್ರೆ ಮಧ್ಯದ ವಿಷ್ಯ ಗೊತ್ತಿಲ್ದೆ ಅದು ಅರ್ಥ ಆಗಲ್ಲ.

ಮೊದಲ್ನೇದು: ಏನೇನು ಎಲ್ಲೆಲ್ಲಿದೆ ಅಂತ ತಿಳ್ಕೊಳ್ಳಿ

ಒಂದು ಕೈಗನ್ನಡಿ ತಗೊಳ್ಳಿ, ಬಾಗಿಲು ಹಾಕ್ಕೊಳ್ಳಿ, ನೋಡ್ಕೊಳ್ಳಿ. ನಗಬೇಡಿ, ಇಬ್ರು ಮಕ್ಕಳನ್ನ ಹೆತ್ತವ್ರೂ ಒಂದ್ಸಲನೂ ನೋಡ್ಕೊಂಡಿರಲ್ಲ. ಹೊರಗೆ ಕಾಣೋದಕ್ಕೆಲ್ಲ ಸೇರಿ ಹೆಸರು ಭಗ, ನಾವು "ಯೋನಿ" ಅಂತ ಎಲ್ಲದಕ್ಕೂ ಹೇಳ್ಬಿಡ್ತೀವಿ ಆದ್ರೆ ಯೋನಿ ಅಂದ್ರೆ ಒಳಗಿನ ದಾರಿ ಮಾತ್ರ. ಅಲ್ಲಿರೋದು ಮೂರು ಬೇರೆ ಬೇರೆ ದ್ವಾರ: ಮುಂದೆ ಮೂತ್ರದ್ದು, ಮಧ್ಯ ಯೋನಿ, ಹಿಂದೆ ಗುದ. ಮೂತ್ರ ಮತ್ತೆ ಮುಟ್ಟಿನ ರಕ್ತ ಒಂದೇ ಕಡೆಯಿಂದ ಬರತ್ತೆ ಅಂತ ಅಂದ್ಕೊಂಡಿರೋ ಓದಿದವ್ರೇ ಬೇಕಾದಷ್ಟಿದಾರೆ, ಮುಟ್ಟಿನ ಕಪ್ ಹಾಕ್ಕೊಂಡ್ರೆ ಒಂದಕ್ಕೆ ಹೋಗೋದು ಹೇಗೆ ಅಂತ ನನ್ನ ತಂಗಿನೇ ಕೇಳಿದ್ಳು. ಎಲ್ಲಕ್ಕಿಂತ ಮೇಲೆ ಚಿಕ್ಕ ಬಟಾಣಿ ಥರ ಕಾಣೋದು ಚಂದ್ರನಾಡಿ, ಅಂದ್ರೆ ಕ್ಲಿಟೋರಿಸ್. ಕಾಣೋದು ತುದಿ ಮಾತ್ರ, ಬಹುಪಾಲು ಒಳಗಡೆ ಎರಡೂ ಪಕ್ಕಕ್ಕೆ ಚಾಚ್ಕೊಂಡಿರತ್ತೆ, ಅದನ್ನ ಆಸ್ಟ್ರೇಲಿಯಾದ ಹೆಲೆನ್ ಓಕಾನೆಲ್ ಅನ್ನೋ ಸರ್ಜನ್ ಸರಿಯಾಗಿ ಬಿಡಿಸಿ ತೋರ್ಸಿದ್ದು 1998ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು 29 ವರ್ಷ ಆದ್ಮೇಲೆ. ಕನ್ಯಾಪೊರೆ ಅನ್ನೋದು ಬಾಟಲಿಯ ಸೀಲ್ ಅಲ್ಲ, ಅದರಲ್ಲಿ ಮೊದ್ಲಿಂದನೂ ತೂತು ಇರತ್ತೆ, ಇಲ್ದಿದ್ರೆ ಮುಟ್ಟು ಹೊರಗೆ ಬರೋದಾದ್ರೂ ಹೇಗೆ.

ಈಗ ಒಳಗೆ. ಯೋನಿಯ ಕೊನೇಲಿ ಗರ್ಭಕಂಠ, ಬೆರಳಲ್ಲಿ ಮುಟ್ಟಿದ್ರೆ ಮೂಗಿನ ತುದಿ ಥರ ಗಟ್ಟಿಯಾಗಿರತ್ತೆ. ಅದರ ಮೇಲೆ ಗರ್ಭಕೋಶ, ಉದ್ದ ಕತ್ತಿನ ಸೀಬೆಹಣ್ಣನ್ನ ತಲೆಕೆಳಗು ಮಾಡಿ ಇಟ್ಟಂಗೆ, ಸುಮಾರು ಏಳೂವರೆ ಸೆಂಟಿಮೀಟರ್ ಉದ್ದ, ಅಷ್ಟೇ. ಹೊಟ್ಟೆ ತುಂಬಾ ಗರ್ಭಕೋಶನೇ ಇದೆ ಅಂತ ಅನ್ಸೋದು ಬಸುರಿ ಫೋಟೋಗಳನ್ನ ನೋಡಿ ನೋಡಿ. ಸ್ಕ್ಯಾನ್ ರಿಪೋರ್ಟಲ್ಲಿ "ರೆಟ್ರೋವರ್ಟೆಡ್" ಅಂತ ಬರ್ದಿದ್ರೆ ಗರ್ಭಕೋಶ ಹಿಂದಕ್ಕೆ ಬಾಗಿದೆ ಅಂತ ಅರ್ಥ. ಹೆಚ್ಚು ಕಡಿಮೆ ಐದರಲ್ಲಿ ಒಬ್ಬರಿಗೆ ಹಾಗಿರತ್ತೆ, ಎಡಗೈ ಬರವಣಿಗೆ ಇದ್ದಂಗೆ, ಸಾಮಾನ್ಯವಾಗಿ ಅದೊಂದೇ ಇದ್ರೆ ಕಾಯಿಲೆ ಅಲ್ಲ.

ಗರ್ಭಕೋಶದ ಎರಡೂ ಪಕ್ಕದಿಂದ ಒಂದೊಂದು ನಾಳ ಹೊರಡತ್ತೆ, 10-12 ಸೆಂಟಿಮೀಟರ್, ತುದೀಲಿ ಸೀರೆ ಸೆರಗಿನ ಕುಚ್ಚು ಥರ ಎಳೆಎಳೆ. ಇಟಲಿಯ ಫಲೋಪಿಯೋ 1561ರಲ್ಲಿ ಇದನ್ನ ವರ್ಣಿಸಿದ್ದಕ್ಕೆ ಅವನ ಹೆಸರೇ ಅಂಟ್ಕೊಂಡು ಫೆಲೋಪಿಯನ್ ಟ್ಯೂಬ್ ಆಯ್ತು. ಆ ಕುಚ್ಚು ಅಂಡಾಶಯಕ್ಕೆ ಹೊಲ್ಕೊಂಡಿಲ್ಲ, ಪಕ್ಕದಲ್ಲಿ ಆಡ್ತಿರತ್ತೆ, ಮೊಟ್ಟೆ ಹೊರಗೆ ಬಿದ್ದಾಗ ಬಾಚ್ಕೊಳ್ಳತ್ತೆ. ಅಂಡಾಶಯ ಸಿಪ್ಪೆ ಸಮೇತದ ದೊಡ್ಡ ಬಾದಾಮಿ ಅಷ್ಟು, ಸುಮಾರು 3 ಸೆಂಟಿಮೀಟರ್. ಹುಟ್ಟೋವಾಗ್ಲೇ ಅದರಲ್ಲಿ 10ರಿಂದ 20 ಲಕ್ಷ ಮೊಟ್ಟೆಯ ಬೀಜಗಳಿರತ್ವೆ, ದೊಡ್ಡವಳಾಗೋ ಹೊತ್ತಿಗೆ 3-4 ಲಕ್ಷ ಉಳಿಯತ್ತೆ, ಜೀವಮಾನದಲ್ಲಿ ನಿಜವಾಗಿ ಹೊರಗೆ ಬರೋದು 400-500. ಮಿಕ್ಕಿದ್ದೆಲ್ಲ ತನ್ನಷ್ಟಕ್ಕೆ ಕರಗಿಹೋಗತ್ತೆ, ನೀವು ಗರ್ಭನಿರೋಧಕ ಮಾತ್ರೆ ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ.

ಎರಡನೇದು: ಒಂದನೇ ದಿನ ಯಾವುದು ಅಂತ ತಪ್ಪಿಲ್ದೆ ಬರೀರಿ

ಒಂದನೇ ದಿನ ಅಂದ್ರೆ ಪ್ಯಾಡ್ ಬೇಕಾಗೋ ಅಷ್ಟು ಕೆಂಪಗೆ ಹೋಗೋಕೆ ಶುರುವಾದ ದಿನ. ಹಿಂದಿನ ದಿನದ ಕಂದು ಕಲೆ ಲೆಕ್ಕಕ್ಕಿಲ್ಲ. ಮುಂದಿನ ಮುಟ್ಟು ಶುರುವಾಗೋ ಹಿಂದಿನ ದಿನದವರೆಗೆ ಒಂದು ಚಕ್ರ. ಜೂನ್ 3ಕ್ಕೆ ಆಗಿ ಜುಲೈ 7ಕ್ಕೆ ಮತ್ತೆ ಆದ್ರೆ ನಿಮ್ಮ ಚಕ್ರ 34 ದಿನ. ಬಹಳ ಜನ ಮಾಡೋ ತಪ್ಪು ತಲೆಗೆ ನೀರು ಹಾಕ್ಕೊಂಡ ದಿನದಿಂದ ಎಣಿಸೋದು, ನಮ್ಮತ್ತೆ ಕಾಲದಿಂದ ಬಂದ ಅಭ್ಯಾಸ ಅದು, ಅದರಿಂದ ನಾಲ್ಕೈದು ದಿನ ಗುಳುಂ ಆಗತ್ತೆ.

ಆ್ಯಪ್ ಇದ್ರೆ ಆ್ಯಪ್. ನಾನು ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲೇ ಹಾಕ್ತೀನಿ, ಹಾಲು ಬರದ ದಿನಕ್ಕೆ ಸೊನ್ನೆ, ಇದಕ್ಕೆ ಕೆಂಪು ಪೆನ್ನಲ್ಲಿ ಒಂದು ಚುಕ್ಕಿ. ಮೊದಮೊದಲು ಮಾವ ನೋಡ್ತಾರೆ ಅಂತ ಮುಜುಗರ ಇತ್ತು, ಅವ್ರು ನೋಡಿದ್ದು ಏಕಾದಶಿ ಯಾವತ್ತು ಅಂತ ಅಷ್ಟೇ. ಆ್ಯಪ್‌ನ ತೊಂದ್ರೆ ಏನಂದ್ರೆ "ಇವತ್ತು ನಿಮ್ಮ ಓವ್ಯುಲೇಶನ್" (ಅಂದ್ರೆ ಮೊಟ್ಟೆ ಬಿಡುಗಡೆ) ಅಂತ ಗುಲಾಬಿ ಹೂವು ತೋರ್ಸತ್ತೆ, ಅದು ಬರೀ ಹಿಂದಿನ ತಾರೀಕುಗಳ ಮೇಲೆ ಮಾಡಿದ ಊಹೆ, ನಿಮ್ಮ ಹೊಟ್ಟೆ ಒಳಗೆ ಇಣುಕಿ ನೋಡಿಲ್ಲ.

ದೊಡ್ಡವರಿಗೆ 21ರಿಂದ 35 ದಿನ ಸರಿ, ಹೊಸದಾಗಿ ಮೈನೆರೆದ ಹುಡುಗೀರಿಗೆ ಮೊದಲೆರಡು ವರ್ಷ 45 ದಿನದವರೆಗೂ ಹೋಗ್ಬಹುದು. ಎಲ್ಲಾರೂ 28 ಅಂತಾರಲ್ಲ, ಅದು ಸರಾಸರಿ ಅಷ್ಟೇ, ನಮ್ಮ ಆಫೀಸಲ್ಲಿ ಊಟಕ್ಕೆ ಕೂತಾಗ ಕೇಳ್ದೆ, ಆರು ಜನದಲ್ಲಿ ಒಬ್ಬಳದೂ 28 ಇರ್ಲಿಲ್ಲ. ಒಂದು ತಿಂಗಳಿಗೂ ಇನ್ನೊಂದಕ್ಕೂ ಐದಾರು ದಿನ ಆಚೆ ಈಚೆ ಆದ್ರೆ ಗಾಬರಿ ಬೇಡ.

ರಕ್ತ ಎಷ್ಟು ಹೋಗತ್ತೆ ಅಂತನೂ ಬರ್ಕೊಳ್ಳಿ. ಒಂದು ಮುಟ್ಟಿಗೆ ಒಟ್ಟು 30-40 ಎಂಎಲ್, ಅಂದ್ರೆ ಎರಡು ಮೂರು ದೊಡ್ಡ ಚಮಚ. 80 ಎಂಎಲ್ ದಾಟಿದ್ರೆ ಜಾಸ್ತಿ. ಕಪ್ ಬಳಸೋರಿಗೆ ಗೆರೆ ನೋಡಿದ್ರೆ ಗೊತ್ತಾಗತ್ತೆ, ಪ್ಯಾಡ್‌ನವ್ರು ಎಷ್ಟು ಗಂಟೆಗೊಂದು ಬದಲಾಯ್ಸಿದ್ರಿ ಅಂತ ಬರೀರಿ. ನಿಮ್ಮಮ್ಮಂಗೂ ಹಾಗೇ ಹೋಗ್ತಿತ್ತು ಅನ್ನೋದು ಉತ್ತರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ, ಅಮ್ಮಂಗೂ ಇತ್ತೇನೋ, ಯಾರು ನೋಡಿದ್ರು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ರೆ ಖರ್ಜೂರ ಬೀಟ್‌ರೂಟ್ ಮೇಲೆ ಭಾರ ಹಾಕ್ಬೇಡಿ, ಡಾಕ್ಟರ್ ಹತ್ರ ಕಬ್ಬಿಣದ ಮಾತ್ರೆ ಬಗ್ಗೆ ಕೇಳಿ, ಮಾತ್ರೆ ನುಂಗಿ ಒಂದು ಗಂಟೆ ಕಾಫಿ ಕುಡೀಬೇಡಿ, ಕಬ್ಬಿಣ ಒಳಗೆ ಹೋಗೋಕೆ ಕಾಫಿ ಟೀ ಎರಡೂ ಅಡ್ಡಗಾಲು. (ಬಳಸಿದ ಪ್ಯಾಡ್ ಹಾಗೇ ಬಿಸಾಕ್ಬೇಡಿ, ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಿ, ಕಸ ವಿಂಗಡಿಸೋ ಪೌರಕಾರ್ಮಿಕರು ಅದನ್ನ ಬರೀ ಕೈಲಿ ಬಿಚ್ಚೋ ಹಾಗೆ ಆಗ್ಬಾರ್ದು.)

ಮೂರನೇದು: ಯಾರು ಯಾರಿಗೆ ಆರ್ಡರ್ ಕೊಡ್ತಾರೆ

ಇದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ಸಲೀಸು. ಬೆಂಗಳೂರಲ್ಲಿ ಸಂಪು, ಮೋಟರ್, ಮೇಲಿನ ಟ್ಯಾಂಕು ಗೊತ್ತಿಲ್ದೋರು ಯಾರಿದಾರೆ. ಟ್ಯಾಂಕ್ ಖಾಲಿ ಆದ್ರೆ ಸೆನ್ಸರ್ ಮೋಟರ್ ಆನ್ ಮಾಡತ್ತೆ, ತುಂಬಿದ್ರೆ ಆಫ್. ಇಲ್ಲಿ ಸೆನ್ಸರ್ ಮೆದುಳಿನ ಹೈಪೋಥಲಾಮಸ್, ಅದು ಕೆಳಗಿರೋ ಬಟಾಣಿ ಗಾತ್ರದ ಪಿಟ್ಯುಟರಿಗೆ ತಟ್ತಾ ಇರತ್ತೆ, ಪಿಟ್ಯುಟರಿ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಬಿಡತ್ತೆ, ಅದು ಅಂಡಾಶಯಕ್ಕೆ ಹೋಗಿ ಕೆಲವು ಬೀಜಕೋಶಗಳನ್ನ, ಅಂದ್ರೆ ಮೊಟ್ಟೆ ಇರೋ ಪುಟ್ಟ ಚೀಲಗಳನ್ನ, ಎಬ್ಬಿಸತ್ತೆ, ಅವು ಬೆಳೀತಾ ಈಸ್ಟ್ರೋಜನ್ ಬಿಡ್ತವೆ. ಈಸ್ಟ್ರೋಜನ್ ಏರಿದಂಗೆ ಮೇಲಿಂದ ಬರೋ ಎಫ್‌ಎಸ್‌ಎಚ್ ಇಳಿಯತ್ತೆ, ಆ ಬರದಲ್ಲಿ ದೊಡ್ಡದೊಂದು ಉಳ್ಕೊಳ್ಳತ್ತೆ ಮಿಕ್ಕಿದ್ದು ಸೊರಗತ್ತೆ. ಅದಕ್ಕೇ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಮೊಟ್ಟೆ.

ಈಗ ಬರತ್ತೆ ನೋಡಿ ತಮಾಷೆ. ಈಸ್ಟ್ರೋಜನ್ ತುಂಬಾ ಎತ್ತರದಲ್ಲಿ ಸುಮಾರು ಎರಡು ದಿನ ನಿಂತ್ರೆ ಸೆನ್ಸರ್ ಉಲ್ಟಾ ಹೊಡೆಯತ್ತೆ, ಟ್ಯಾಂಕ್ ತುಂಬಿರೋವಾಗ್ಲೇ ಮೋಟರ್ ಇನ್ನೂ ಜೋರಾಗಿ ಆನ್. ಪಿಟ್ಯುಟರಿಯಿಂದ ಎಲ್‌ಎಚ್ ಅನ್ನೋ ಹಾರ್ಮೋನ್ ಒಂದೇ ಸಲ ನುಗ್ಗತ್ತೆ, ನುಗ್ಗೋಕೆ ಶುರುವಾಗಿ ಸುಮಾರು 36 ಗಂಟೇಲಿ ಬೀಜಕೋಶ ಒಡ್ದು ಮೊಟ್ಟೆ ಹೊರಗೆ. ಅದೇ ಓವ್ಯುಲೇಶನ್. ಆ ಮೊಟ್ಟೆ ಬದುಕಿರೋದು 12ರಿಂದ 24 ಗಂಟೆ, ವೀರ್ಯಾಣು ಮಾತ್ರ ಐದು ದಿನದವರೆಗೂ ಒಳಗೆ ಕಾಯ್ಕೊಂಡಿರಬಲ್ದು, ಹಾಗಾಗಿ ಗರ್ಭ ನಿಲ್ಲೋ ಸಾಧ್ಯತೆ ಇರೋದು ತಿಂಗಳಲ್ಲಿ ಹೆಚ್ಚು ಕಡಿಮೆ ಆರು ದಿನ.

ಒಡೆದ ಬೀಜಕೋಶ ವೇಸ್ಟ್ ಆಗಲ್ಲ, ಹಳದಿ ಬಣ್ಣಕ್ಕೆ ತಿರುಗಿ ತಾನೇ ಒಂದು ಪುಟ್ಟ ಗ್ರಂಥಿ ಆಗಿ ಪ್ರೊಜೆಸ್ಟರಾನ್ ಬಿಡೋಕೆ ಶುರುಮಾಡತ್ತೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರನ ದಪ್ಪ ಮಾಡಿತ್ತು, ಪ್ರೊಜೆಸ್ಟರಾನ್ ಅದನ್ನ ಹಾಸಿಗೆ ಥರ ಹದ ಮಾಡತ್ತೆ. ಈ ಹಳದಿ ಗ್ರಂಥಿಗೆ ಆಯುಷ್ಯ ಸುಮಾರು ಎರಡು ವಾರ. ಗರ್ಭ ನಿಂತ್ರೆ ಭ್ರೂಣ ಎಚ್‌ಸಿಜಿ ಅನ್ನೋ ಹಾರ್ಮೋನ್ ಕಳಿಸಿ ಅದನ್ನ ಉಳ್ಸತ್ತೆ (ಪ್ರೆಗ್ನೆನ್ಸಿ ಕಡ್ಡೀಲಿ ಎರಡು ಗೆರೆ ಬರೋದು ಅದಕ್ಕೇ), ಇಲ್ದಿದ್ರೆ ಗ್ರಂಥಿ ಬಾಡತ್ತೆ, ಎರಡೂ ಹಾರ್ಮೋನ್ ಕುಸಿಯತ್ವೆ, ಒಳಪದರಕ್ಕೆ ರಕ್ತ ನಿಂತು ಅದು ಕಳಚಿ ಬೀಳತ್ತೆ. ಕಳಚೋವಾಗ ಪ್ರೋಸ್ಟಾಗ್ಲಾಂಡಿನ್ ಅನ್ನೋ ವಸ್ತು ಬಂದು ಗರ್ಭಕೋಶ ಹಿಂಡತ್ತೆ, ಅದೇ ಹೊಟ್ಟೆನೋವು, ಪಕ್ಕದ ಕರುಳಿಗೂ ಅದರ ಬಿಸಿ ತಟ್ಟೋದ್ರಿಂದ ಮೊದಲ ದಿನ ಲೂಸ್ ಮೋಶನ್. ಮೆಫೆನಾಮಿಕ್ ಆಸಿಡ್ ಇರೋ ಮಾತ್ರೆ ತಡೆಯೋದು ಇದರ ತಯಾರೀನೇ, ಅದಕ್ಕೆ ನೋವು ಶುರುವಾಗ್ತಿದ್ದಂಗೆ ಊಟದ ಮೇಲೆ ತಗೊಂಡ್ರೆ ಕೇಳತ್ತೆ, ಹಲ್ಲು ಕಚ್ಚಿ ಸಂಜೆವರೆಗೂ ತಡ್ಕೊಂಡು ಆಮೇಲೆ ತಗೊಂಡ್ರೆ ಅಷ್ಟೊಂದು ಕೇಳಲ್ಲ. ಅಲ್ಸರ್, ಕಿಡ್ನಿ ತೊಂದ್ರೆ, ಆಸ್ತಮಾ ಇರೋರು ಕೇಳ್ದೆ ತಗೊಳ್ಬೇಡಿ.

ಇಲ್ಲಿ ನೆನಪಿಟ್ಕೊಳ್ಳೋದು ಒಂದೇ: ಮೊಟ್ಟೆ ಬಿಟ್ಟ ಮೇಲಿನ ಭಾಗ ಹೆಚ್ಚುಕಡಿಮೆ 14 ದಿನಕ್ಕೆ ಅಂಟ್ಕೊಂಡಿರತ್ತೆ, ಹಿಗ್ಗೋದು ಕುಗ್ಗೋದು ಅದಕ್ಕಿಂತ ಮುಂಚಿನ ಭಾಗ. ಪರೀಕ್ಷೆ ಟೆನ್ಶನ್, ಜ್ವರ, ನೈಟ್ ಶಿಫ್ಟ್, ತೂಕ ಏರೋದು ಇಳಿಯೋದು ಇವೆಲ್ಲ ಮೊಟ್ಟೆಯನ್ನ ತಡಮಾಡ್ತವೆ, ಅದರ ಹಿಂದೆ ಮುಟ್ಟೂ ತಡ ಆಗತ್ತೆ.

ನಾಲ್ಕನೇದು: ಬಿಳಿ ಹೋಗೋದನ್ನ ಓದೋದು ಕಲೀರಿ

ಬಿಳಿ ಸೆರಗು ಅಂತ ಹೆದರ್ಸಿ ಇಟ್ಟಿದಾರೆ ನಮ್ಮನ್ನ, "ಮೂಳೆ ಕರಗಿ ಹೋಗ್ತಿದೆ" ಅಂತ ನಮ್ಮಜ್ಜಿ ಹೇಳೋರು. ಮೂಳೆಗೂ ಅದಕ್ಕೂ ಸಂಬಂಧನೇ ಇಲ್ಲ, ಅದು ಗರ್ಭಕಂಠದ ಲೋಳೆ. ಮುಟ್ಟು ನಿಂತ ಮೇಲೆ ಒಂದೆರಡು ದಿನ ಒಣ, ಆಮೇಲೆ ಅಂಟಂಟು, ಆಮೇಲೆ ಕೆನೆ ಥರ, ಈಸ್ಟ್ರೋಜನ್ ತುತ್ತತುದಿಗೆ ಹೋದಾಗ ಹಸಿ ಮೊಟ್ಟೆಯ ಬಿಳಿಭಾಗದ ಥರ ಪಾರದರ್ಶಕ, ಎರಡು ಬೆರಳ ಮಧ್ಯೆ ಎಳೆದ್ರೆ ಒಬ್ಬಟ್ಟಿನ ಎಳೆಪಾಕದ ಹಾಗೆ ಉದ್ದಕ್ಕೆ ಬರತ್ತೆ. ಆ ದಿನಗಳೇ ಫಲವತ್ತಾದ ದಿನ. ಮೊಟ್ಟೆ ಬಿಟ್ಟು ಪ್ರೊಜೆಸ್ಟರಾನ್ ಬಂದ ತಕ್ಷಣ ಲೋಳೆ ಗಟ್ಟಿ, ದಾರಿ ಬಂದ್. ದಿನಾ ಬಾತ್‌ರೂಮಿಗೆ ಹೋದಾಗ ನೋಡಿ ರಾತ್ರಿ ಒಂದು ಅಕ್ಷರ ಬರೀರಿ, ಒ, ಅಂ, ಕೆ, ಪಾ, ಸಾಕು. ಕೆಟ್ಟ ವಾಸನೆ, ತುರಿಕೆ, ಹಸಿರು ಬಣ್ಣ, ಮೊಸರು ಒಡೆದಂಗೆ ಇದ್ರೆ ಅದು ಸೋಂಕು, ತೋರಿಸ್ಬೇಕು. ಒಳಗೆ ಸೋಪು ವಾಶ್ ಏನೂ ಬೇಡ, ಹೊರಗೆ ನೀರು ಸಾಕು.

ಐದನೇದು: ಥರ್ಮಾಮೀಟರ್

ಪ್ರೊಜೆಸ್ಟರಾನ್ ಮೈ ಬಿಸಿ ಮಾಡತ್ತೆ, ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್, ಅಷ್ಟೇ. ಅದಕ್ಕೆ ಎರಡು ದಶಾಂಶ ತೋರ್ಸೋ ಡಿಜಿಟಲ್ ಥರ್ಮಾಮೀಟರ್ ಬೇಕು. ಬೆಳಗ್ಗೆ ಕಣ್ಬಿಟ್ಟ ತಕ್ಷಣ, ಏಳೋಕೆ ಮುಂಚೆ, ಮಾತಾಡೋಕೆ ಮುಂಚೆ, ಕಾಫಿಗೆ ಮುಂಚೆ, ನಾಲಿಗೆ ಕೆಳಗೆ, ದಿನಾ ಒಂದೇ ಟೈಮಿಗೆ. ಹಿಂದಿನ ಆರು ದಿನಕ್ಕಿಂತ ಮೇಲೆ ಸತತ ಮೂರು ದಿನ ನಿಂತ್ರೆ ಮೊಟ್ಟೆ ಬಿಟ್ಟಾಯ್ತು ಅಂತ ಅರ್ಥ. ಆಗಿದ್ದನ್ನ ಹೇಳತ್ತೆ, ಆಗೋದನ್ನಲ್ಲ. ಎಲೆಕ್ಟ್ರಾನಿಕ್ ಸಿಟಿ ಮಾನ್ಯತಾ ಕಡೆ ನೈಟ್ ಶಿಫ್ಟ್ ಮಾಡೋರಿಗೆ, ಎಳೆಮಗು ಇರೋರಿಗೆ ಈ ವಿಧಾನ ಕೈಕೊಡತ್ತೆ, ಸುಮ್ನೆ ತಲೆ ಕೆಡಿಸ್ಕೊಳ್ಬೇಡಿ, ಲೋಳೆ ಮತ್ತೆ ಕ್ಯಾಲೆಂಡರ್ ಸಾಕು.

ಮೆಡಿಕಲ್ ಶಾಪಲ್ಲಿ ಸಿಗೋ ಓವ್ಯುಲೇಶನ್ ಕಿಟ್ ಮೂತ್ರದಲ್ಲಿ ಎಲ್‌ಎಚ್ ನೋಡತ್ತೆ, ಗೆರೆ ಗಾಢ ಆದ್ರೆ ಮುಂದಿನ ಒಂದೆರಡು ದಿನದಲ್ಲಿ ಮೊಟ್ಟೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡದಿರೋ ತೊಂದ್ರೆ, ಪಿಸಿಓಡಿ ಅಂತಾರಲ್ಲ ಅದೇ) ಇರೋರಿಗೆ ಎಲ್‌ಎಚ್ ಮೊದ್ಲೇ ಜಾಸ್ತಿ ಇರೋದ್ರಿಂದ ಸುಳ್ಳು ಹೇಳ್ಬಹುದು.

ಇದನ್ನೆಲ್ಲ ಮಾಡಿ "ಈ ದಿನ ಸೇಫು" ಅಂತ ಗರ್ಭನಿರೋಧಕದ ಬದಲು ಬಳಸೋ ಯೋಚನೆ ಇದ್ರೆ, ಸರಿಯಾಗಿ ತರಬೇತಿ ಇಲ್ದೆ ಬೇಡವೇ ಬೇಡ. ಮುಂದಿನ ಮೊಟ್ಟೆ ಯಾವತ್ತು ಅಂತ ಯಾವ ಕ್ಯಾಲೆಂಡರೂ ಗ್ಯಾರಂಟಿ ಕೊಡಲ್ಲ.

ಆರನೇದು: ಮಾತ್ರೆ ತಗೊಂಡ ತಿಂಗಳಿಗೆ ಸ್ಟಾರ್ ಹಾಕಿ

ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ಧರ್ಮಸ್ಥಳ ಟ್ರಿಪ್ಪು ಅಂದ್ರೆ ಮುಂದೂಡೋ ಮಾತ್ರೆ ನುಂಗೋದು ನಮ್ಮಲ್ಲಿ ಚಕ್ಕುಲಿ ತಿಂದಷ್ಟು ಸಲೀಸು. ಅದು ನಾರೆಥಿಸ್ಟರಾನ್, ಅಂದ್ರೆ ಪ್ರೊಜೆಸ್ಟರಾನ್ ಥರದ್ದೇ ಹಾರ್ಮೋನ್. ಮೂರನೇ ಹಂತ ಓದಿದೋರಿಗೆ ಗೊತ್ತಾಯ್ತಲ್ಲ, ಹಾರ್ಮೋನ್ ಕುಸಿದ್ರೆ ತಾನೆ ಪದರ ಕಳಚೋದು, ಈ ಮಾತ್ರೆ ಕುಸಿಯೋಕೆ ಬಿಡಲ್ಲ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಬರತ್ತೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ತೊಂದ್ರೆ ಇದ್ರೆ ಅಪಾಯ, ಪಕ್ಕದ್ಮನೆಯವ್ರು ಕೊಟ್ರು ಅಂತ ನುಂಗ್ಬೇಡಿ. ಎಮರ್ಜೆನ್ಸಿ ಮಾತ್ರೆ ಲೆವೊನಾರ್‌ಜೆಸ್ಟ್ರೆಲ್ 72 ಗಂಟೆ ಒಳಗೆ, ಎಷ್ಟು ಬೇಗ ಅಷ್ಟು ಒಳ್ಳೇದು, ಅದು ಮೊಟ್ಟೆ ಬಿಡೋದನ್ನ ಮುಂದಕ್ಕೆ ಹಾಕತ್ತೆ, ಹಾಗಾಗಿ ಆ ತಿಂಗಳ ಡೇಟ್ ಆಚೀಚೆ ಆಗತ್ತೆ. ದಿನಾ ತಗೊಳ್ಳೋ ಗರ್ಭನಿರೋಧಕ ಮಾತ್ರೇಲಿ ಬರೋ ರಕ್ತಸ್ರಾವ ನಿಜವಾದ ಮುಟ್ಟೇ ಅಲ್ಲ, ಹಾರ್ಮೋನ್ ನಿಲ್ಲಿಸಿದ್ದಕ್ಕೆ ಆಗೋದು. ಇಂಥ ತಿಂಗಳುಗಳನ್ನ ಸರಾಸರಿಗೆ ಸೇರಿಸ್ಬೇಡಿ.

ಏಳನೇದು: ಯಾವಾಗ ತೋರಿಸ್ಬೇಕು, ಯಾವ ದಿನ ಯಾವ ಟೆಸ್ಟು

15 ವರ್ಷ ಆದ್ರೂ ಮೈನೆರೀದಿದ್ರೆ, ಗರ್ಭ ಇಲ್ದೆ 90 ದಿನ ಮುಟ್ಟಾಗದಿದ್ರೆ, ಎಂಟು ದಿನ ದಾಟಿ ಹೋಗ್ತಿದ್ರೆ, ಗಂಟೆಗೊಂದು ಪ್ಯಾಡ್ ನೆಂದು ಹಾಗೇ ಕೆಲವು ಗಂಟೆ ನಡೆದ್ರೆ, ಸಂಭೋಗ ಆದ್ಮೇಲೆ ರಕ್ತ ಬಂದ್ರೆ, ನೋವಿಗೆ ಪ್ರತಿ ತಿಂಗಳು ಕಾಲೇಜು ಆಫೀಸು ತಪ್ಪಿದ್ರೆ ಹೋಗಿ. ತಿಂಗಳಿಗೊಂದು ದಿನ ಸಂಬಳದ ಜೊತೆ ಮುಟ್ಟಿನ ರಜೆ ಕೊಡೋ ನೀತಿಗೆ ರಾಜ್ಯ ಸಂಪುಟ 2025ರ ಅಕ್ಟೋಬರಲ್ಲಿ ಒಪ್ಪಿದೆ, ಒಳ್ಳೇದೇ, ಆದ್ರೆ ರಜೆ ಹಾಕಿ ಮಲ್ಗಿದ್ರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆದು ನೋವು ಕೊಡೋ ಕಾಯಿಲೆ) ಹೋಗಲ್ಲ. ಇನ್ನು ಮುಟ್ಟು ಪೂರ್ತಿ 12 ತಿಂಗಳು ನಿಂತು ಆಮೇಲೆ ಒಂದು ಹನಿ ಕಂಡ್ರೂ ಅಮ್ಮನ್ನ, ಅತ್ತೇನ ಅದೇ ವಾರ ಕರ್ಕೊಂಡು ಹೋಗಿ, "ಉಷ್ಣ ಆಗಿದೆ" ಅಂತ ಬಾರ್ಲಿ ನೀರು ಕುಡಿಸ್ತಾ ಕೂರ್ಬೇಡಿ. ದುಡ್ಡಿನ ಚಿಂತೆ ಇದ್ರೆ ಬೆಂಗಳೂರಲ್ಲಿ ಕೆ.ಆರ್. ಮಾರ್ಕೆಟ್ ಹತ್ರ ವಾಣಿವಿಲಾಸ ಆಸ್ಪತ್ರೆ ಇದೆ, ಶಿವಾಜಿನಗರದಲ್ಲಿ ಗೋಶಾ ಆಸ್ಪತ್ರೆ ಇದೆ, ಎರಡೂ ಸರ್ಕಾರಿ, ಬೆಳಗ್ಗೆನೇ ಹೋಗಿ ಸಾಲಲ್ಲಿ ನಿಲ್ಲಿ.

ಪಿಸಿಓಡಿ ಅಂತ ಬರೀ ಸ್ಕ್ಯಾನ್ ನೋಡಿ ಹೇಳಿದ್ರೆ ಇನ್ನೊಂದ್ಸಲ ಕೇಳಿ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಇರ್ಬೇಕು: ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಅನ್ನೋ ಗುರುತು ಅಂದ್ರೆ ಗಲ್ಲದ ಕೂದಲು ಮೊಡವೆ ಅಥವಾ ರಕ್ತದ ರಿಪೋರ್ಟು, ಸ್ಕ್ಯಾನಲ್ಲಿ ಸಾಲುಸಾಲು ಬೀಜಕೋಶ. ಅದಕ್ಕೂ ಮುಂಚೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರ್ಸೋ ಹಾರ್ಮೋನ್) ನೋಡಿರ್ಬೇಕು.

ಟೆಸ್ಟಿಗೆ ದಿನ ಮುಖ್ಯ. ಎಫ್‌ಎಸ್‌ಎಚ್, ಎಲ್‌ಎಚ್ ಎರಡು ಅಥವಾ ಮೂರನೇ ದಿನ. ಥೈರಾಯ್ಡ್, ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳ್ದಿದೆ ಅಂತ ಅಂದಾಜು ಕೊಡೋ ಟೆಸ್ಟು) ಯಾವತ್ತಾದ್ರೂ. ಸ್ಕ್ಯಾನ್‌ಗೆ ಹೋದ್ರೆ ಇವತ್ತು ಎಷ್ಟನೇ ದಿನ ಅಂತ ಹೇಳಿ, ಪದರದ ದಪ್ಪ ಐದನೇ ದಿನಕ್ಕೂ ಇಪ್ಪತ್ತೈದನೇ ದಿನಕ್ಕೂ ಒಂದೇ ಇರಲ್ಲ. ಪ್ರೊಜೆಸ್ಟರಾನ್ ಮಾತ್ರ ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ.

ಇಲ್ಲೇ ನನ್ನ ಕಥೆ. 21ನೇ ದಿನದ ಟೆಸ್ಟ್ ಅನ್ನೋದು 28 ದಿನದ ಚಕ್ರ ಇರೋರಿಗೆ, 28ರಲ್ಲಿ 7 ಕಳೆದ್ರೆ 21. ಆ ಎರಡನೇ ಡಾಕ್ಟರ್ ಮೂರು ತಿಂಗಳು ಬರ್ಕೊಂಡು ಬನ್ನಿ ಅಂದ್ರು, ಗೋಡೆ ಕ್ಯಾಲೆಂಡರಿನ ಮೂರು ಹಾಳೆ ಹರ್ಕೊಂಡು ಬ್ಯಾಗಲ್ಲಿ ಮಡಚಿ ತಗೊಂಡ್ ಹೋದೆ. 34, 33, 35. ನನ್ನ ಮೊಟ್ಟೆ ಬಿಡೋದೇ 20ರ ಸುಮಾರಿಗೆ, 21ಕ್ಕೆ ರಕ್ತ ತೆಗೆದ್ರೆ ಪ್ರೊಜೆಸ್ಟರಾನ್ ಎಲ್ಲಿಂದ ಬರ್ಬೇಕು, ಆಗಿನ್ನೂ ಶುರುವಾಗ್ತಿರತ್ತೆ. 27ನೇ ದಿನ ಹೋಗಿ ಕೊಟ್ಟೆ. ಮೊಟ್ಟೆ ಬಿಟ್ಟಿದೆ ಅನ್ನೋಕೆ ಪ್ರೊಜೆಸ್ಟರಾನ್ 3 (ng/mL ಲೆಕ್ಕದಲ್ಲಿ) ದಾಟಿದ್ರೆ ಸಾಕು, ನಂದು 11 ಇತ್ತು. ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಕ್ಯಾಲೆಂಡರ್ ಹಾಳೆ ಎತ್ತಿ, "ಈ ಸೊನ್ನೆ ಏನಮ್ಮ, ಇಷ್ಟೊಂದಿದೆ?" ಅಂದ್ರು. ಹಾಲು ಬಂದಿರ್ಲಿಲ್ಲ ಡಾಕ್ಟ್ರೇ, ಅಂದೆ.